ಬಾಣಂತಿ ಕೋಣೆಯ ಪ್ಲಗ್ಗು

ಜಗಳೂರಿನ ಆ ಓಣಿಯಲ್ಲಿ ಉಚ್ಚಂಗೆಮ್ಮನ ಮೂಗಿನ ಸುದ್ದಿ ಗೊತ್ತಿಲ್ಲದವರಿಲ್ಲ. ಚೆಂದದ ಮೂಗು ಎಂದಲ್ಲ, ಹಾಗೆಂದು ಯಾರೂ ಹೇಳಿದ್ದಿಲ್ಲ. ಹಾಲು ಒಡೆಯುವ ಮುಂಚೆಯೇ ಅದು ಒಡೆಯುತ್ತದೆಂದು ಆಕೆಗೆ ತಿಳಿಯುತ್ತಿತ್ತು. ಶೇಂಗಾ ಚೀಲದ ತಳದಲ್ಲಿ ಮುಗ್ಗಲು ಹಿಡಿದಿದ್ದರೆ ಚೀಲದ ಬಾಯಿ ಬಿಚ್ಚುವ ಮೊದಲೇ ಹೇಳುತ್ತಿದ್ದಳು. ಗಂಡ ಕಲ್ಲೇಶಪ್ಪ ಯಾರ ಜೊತೆ ಕೂತು ಬೀಡಿ ಸೇದಿ ಬಂದಿದ್ದಾನೆ ಎಂಬುದನ್ನೂ ಹೇಳುತ್ತಿದ್ದಳು, ಅದಕ್ಕೇ ಆ ಮೂಗಿಗೆ ಮನೆಯಲ್ಲಿ ಕವಡೆ ಕಾಸಿನ ಬೆಲೆ ಇರಲಿಲ್ಲ. ನಿಜ ಹೇಳುವ ಮೂಗನ್ನು ಮನೆಯೊಳಗೆ ಯಾರು ತಾನೆ ಇಷ್ಟಪಡುತ್ತಾರೆ.

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಜೋಳದ ಹಿಟ್ಟಿಗೆ ಸೀಮೆಎಣ್ಣೆ ವಾಸನೆ ಹೊಡೆಯುತ್ತಿದೆ ಎಂದಿದ್ದಳು. ಅತ್ತೆ ಓಬವ್ವ ಸೊಂಟದ ಮೇಲೆ ಕೈಯಿಟ್ಟು, "ನಮ್ಮನೆ ಹಿಟ್ಟಿಗೆ ಹೆಸರಿಡಾಕೆ ಬಂದೀಯೇನು?" ಎಂದು ಕೇಳಿದ್ದಳು. ಆ ಹಿಟ್ಟಿನ ರೊಟ್ಟಿ ತಿಂದು ಮನೆಮಂದಿಯೆಲ್ಲ ಚೊಂಬು ಹಿಡಿದುಕೊಂಡು ಓಡಾಡಿದರು. ಈಗಲಾದರೂ ಯಾರಾದರೂ "ನೀನು ಹೇಳಿದ್ದು ಖರೆ" ಎನ್ನುತ್ತಾರೇನೋ ಎಂದು ಹೊಸ ಸೊಸೆ ಕಾದಳು. ಯಾರೂ ಅನ್ನಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅದೇ ರೂಢಿ. ಅವಳು ಹೇಳಿದ್ದು ಸುಳ್ಳಾದರೆ ಬೈಗುಳ, ನಿಜವಾದರೆ ಎಲ್ಲರ ಬಾಯಿಗೂ ಬೀಗ. ಹೀಗೆ ಅರ್ಧ ಆಯುಷ್ಯ ಕಳೆದ ಹೆಂಗಸಿನ ದನಿ ಏರದೆ ಇನ್ನೇನಾಗುತ್ತದೆ. ದನಿ ಏರಿದ್ದನ್ನು ಕೇಳಿದ ಓಣಿಯವರು ಸಿಡುಕಿ ಎಂದು ಹೆಸರಿಟ್ಟರು. ಏಕೆ ಏರಿತು ಎಂದು ಕೇಳುವ ಪುರುಸೊತ್ತು ಅವರಿಗಿರಲಿಲ್ಲ.

ಕಲ್ಲೇಶಪ್ಪನದು ಮೆಕ್ಕೆಜೋಳ ಒಕ್ಕುವ ಮಷೀನು. ಸುಗ್ಗಿ ಬಂತೆಂದರೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಚನ್ನಗಿರಿ ಕಡೆ, ಹೊನ್ನಾಳಿ ಕಡೆ ಹೊರಟುಬಿಡುತ್ತಿದ್ದ. ಮಷೀನಿನ ವಿಷಯದಲ್ಲಿ ಮನುಷ್ಯ ಗಟ್ಟಿಗ, ಸುಳ್ಳು ಹೇಳಬಾರದು. ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಎಂದು ಹೇಳಬಲ್ಲವನು. ಆದರೆ ಮಷೀನು ಬಲ್ಲವನಿಗೆ ಕರೆಂಟೂ ಬರುತ್ತದೆ ಎಂದು ಅವನ ಕಿವಿಯಲ್ಲಿ ಯಾರು ಊದಿದ್ದರೋ, ಮನೆಯಲ್ಲಿ ಬಲ್ಬು ಹೋದರೂ ಅವನೇ, ಫ್ಯೂಸು ಹೋದರೂ ಅವನೇ. ಲೈನ್‌ಮನ್ ಕರೆಸೋಣ ಎಂದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದ. "ಇಡೀ ಮಷೀನು ಬಿಚ್ಚಿ ಜೋಡಿಸ್ತೀನಿ ನಾನು. ನಂಗೆ ಒಂದು ಪ್ಲಗ್ಗು ದೊಡ್ಡದೇನು?" ಎನ್ನುತ್ತಿದ್ದ. ಆ ಮಾತು ಕೇಳಿದರೆ ಉಚ್ಚಂಗೆಮ್ಮನಿಗೆ ಸಿಟ್ಟು ಬರುತ್ತಿತ್ತು.

ಈ ಕಥೆಯೂ ಅಂಥ ಒಂದು ಪ್ಲಗ್ಗಿನದೇ. ಅವರ ಮನೆಯ ಒಳಕೋಣೆಯಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟು. ಕಲ್ಲೇಶಪ್ಪನ ಅಪ್ಪ ಬದುಕಿದ್ದಾಗ ರೇಡಿಯೋಕ್ಕೆಂದು ಹಾಕಿಸಿದ್ದು. ಕಂದು ಬಣ್ಣದ ಹಳೇ ಬೋರ್ಡು, ಅದರೊಳಗಿನ ತಾಮ್ರದ ಹಿಡಿ ಸಡಿಲವಾಗಿ, ಪಿನ್ನು ಹಾಕಿದರೆ ಮುದುಕನ ಹಲ್ಲಿನಂತೆ ಅಲ್ಲಾಡುತ್ತಿತ್ತು. ರೇಡಿಯೋ ಹೋಗಿ ಎಷ್ಟೋ ಕಾಲವಾಗಿತ್ತು. ಮೊಬೈಲ್ ಚಾರ್ಜಿಗೆ ಬಿಟ್ಟರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಗಳ ಬಾಣಂತನ ಬರದಿದ್ದರೆ ಅದು ಹಾಗೇ ಇನ್ನೊಂದು ತಲೆಮಾರು ಕಳೆಯುತ್ತಿತ್ತೋ ಏನೋ.

ಮಗಳು ದುರ್ಗಾಂಬಿಕಾಳನ್ನು ನ್ಯಾಮತಿಗೆ ಕೊಟ್ಟಿದ್ದರು. ಅಳಿಯ ರಮೇಶನದು ಅಲ್ಲಿ ಮೊಬೈಲ್ ಅಂಗಡಿ, ಊರು ತಾಲ್ಲೂಕಾದ ಮೇಲೆ ವ್ಯಾಪಾರ ಕುದುರಿತ್ತು. ಚೊಚ್ಚಲ ಬಾಣಂತನ ತವರಿನದೇ, ಅದರಲ್ಲಿ ಎರಡು ಮಾತಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿ, ತಾಯಿ ಮಗು ಇಬ್ಬರೂ ಒಳಕೋಣೆ ಸೇರಿದರು. ಬಾಣಂತನದ ಯಜಮಾನಿಕೆ ಮುದುಕಿ ಓಬವ್ವನದು. ಕಿಟಕಿಗೆ ಹಳೇ ಸೀರೆ ತುರುಕಿದಳು, ಬಾಗಿಲ ಸಂದಿಗೆ ಗೋಣಿತಾಟು ಹಾಕಿದಳು. ಗಾಳಿ ತಾಕಿದರೆ ಬಾಣಂತಿಗೆ ಸನ್ನಿ ಹಿಡಿಯುತ್ತದೆ ಎಂದು ಆಕೆಯ ನಂಬಿಕೆ. ಹಿಂದಿನವರ ಹಾಗೆ ಕೆಂಡದ ಬಾಣಲೆ ಇಡಲು ಹೋದರೆ ನರ್ಸಮ್ಮ ಹೊಗೆ ಹಾಕಬೇಡಿ ಎಂದು ಗದರಿದ್ದಳು. ಅದನ್ನು ಕೇಳಿದ ರಮೇಶ ದಾವಣಗೆರೆಯಿಂದ ಒಂದು ರೂಮ್ ಹೀಟರ್ ತಂದುಕೊಟ್ಟ.

ಓಬವ್ವ ಮೊದಲ ದಿನ ಆ ಹೀಟರನ್ನು ಅನುಮಾನದಿಂದ ನೋಡಿದಳು. ಎರಡನೇ ದಿನ ಅದರ ಮುಂದೆ ಕಾಲು ಚಾಚಿ ಕೂತಳು. ಆಮೇಲೆ ಬಾಣಂತಿಗಿಂತ ಹೆಚ್ಚಾಗಿ ಅದು ಮುದುಕಿಗೇ ಬೇಕಾಯಿತು. "ಕಟ್ಟಿಗೆ ಬ್ಯಾಡ, ಬೂದಿ ಬ್ಯಾಡ, ಎಂಥಾ ಅಳಿಯನ್ನ ಹುಡುಕೀವಿ ನೋಡು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದರ ಜೊತೆಗೆ ಸ್ನಾನದ ನೀರಿನಲ್ಲಿ ಮುಳುಗಿಸಿ ಕಾಸುವ ಕಾಯಿಲ್ ಬಂತು. ಒಳಕೋಣೆಗೆ ಹತ್ತಿಕೊಂಡೇ ಬಚ್ಚಲು, ಅಲ್ಲಿ ಪ್ಲಗ್ಗಿಲ್ಲ. ಹಾಗಾಗಿ ಇರುವ ಒಂದೇ ಪಾಯಿಂಟಿಗೆ ಕಲ್ಲೇಶಪ್ಪ ಒಂದು ಎಕ್ಸ್‌ಟೆನ್ಶನ್ ಬಾಕ್ಸು ಚುಚ್ಚಿದ. ಹೀಟರು ಅದಕ್ಕೇ, ಕಾಯಿಲ್ಲು ಅದಕ್ಕೇ, ಮಗಳ ಮೊಬೈಲು ಅದಕ್ಕೇ. ಕಾಯಿಲ್ಲಿನ ದಪ್ಪ ಪಿನ್ನು ಆ ಸಣ್ಣ ತೂತಿಗೆ ಹಿಡಿಯಲಿಲ್ಲ. ಕಲ್ಲೇಶಪ್ಪ ಯೋಚನೆಯನ್ನೇ ಮಾಡಲಿಲ್ಲ. ಇಕ್ಕಳದಲ್ಲಿ ಪಿನ್ನಿನ ತಲೆ ಕತ್ತರಿಸಿ, ವೈರಿನ ತುದಿ ಸುಲಿದು, ಬರೀ ತಂತಿಯನ್ನು ತೂತಿಗೆ ಇಳಿಬಿಟ್ಟು, ಅಲ್ಲಾಡಬಾರದೆಂದು ಬೆಂಕಿಕಡ್ಡಿ ಮುರಿದು ತುರುಕಿದ. ಬೆಂಕಿ ಹಚ್ಚುವ ಕಡ್ಡಿಯನ್ನೇ ಕರೆಂಟಿನ ಬಾಯಿಗೆ ಬೆಣೆ ಹೊಡೆಯುವ ಈ ಜಾಣತನ ನಮ್ಮ ಕಡೆ ಎಷ್ಟು ಮನೆಗಳಲ್ಲಿದೆಯೋ, ಹೋಗಿ ಹುಡುಕಿದರೆ ನಾಚಿಕೆಯಾದೀತು.

ಮೊದಲ ದಿನವೇ ಫ್ಯೂಸು ಹೋಯಿತು. ಫ್ಯೂಸಿನ ಕೆಲಸವೇ ಅದು, ತಾನು ಸುಟ್ಟುಕೊಂಡು ಮನೆ ಉಳಿಸುವುದು. ಕಲ್ಲೇಶಪ್ಪನಿಗೆ ಅದು ಫ್ಯೂಸಿನ ದೌರ್ಬಲ್ಯ ಅನ್ನಿಸಿತು. ಮಷೀನಿನ ಸಾಮಾನಿನ ಡಬ್ಬಿಯಿಂದ ದಪ್ಪ ತಂತಿ ತೆಗೆದು ಕಟ್ಟಿದ. "ಈಗ ಹೋಗ್ಲಿ ನೋಡಾನ," ಎಂದ. ಹೋಗಲಿಲ್ಲ.

ಉಚ್ಚಂಗೆಮ್ಮನಿಗೆ ವಾಸನೆ ಬಂದದ್ದು ಮಾರನೇ ದಿನ. ಒಣಮೀನಿನಂಥ ವಾಸನೆ. ಅವತ್ತು ಮನೆಯಲ್ಲಿ ಮೀನಿರಲಿಲ್ಲ. ಮೂಸುತ್ತಾ ಹೋದರೆ ಮೂಗು ಆ ಬೋರ್ಡಿನ ಮುಂದೆ ನಿಂತಿತು. ಮುಟ್ಟಿ ನೋಡಿದಳು, ಬಿಸಿ. ಸುತ್ತಲಿನ ಸುಣ್ಣ ಚಹಾ ಚೆಲ್ಲಿದ ಹಾಗೆ ಕಂದಾಗಿತ್ತು. ಕಿವಿಗೊಟ್ಟರೆ ಒಳಗೆ ಚುರುಚುರು ಎನ್ನುತ್ತಿತ್ತು.

"ಅತ್ತೆ, ಈ ಬೋರ್ಡು ಸುಡಾಕೆ ಹತ್ತೈತೆ. ವಾಸನೆ ಬರ್ತಿಲ್ಲೇನು?"

"ಪಕ್ಕದ ಜಂಪಣ್ಣನ ಮನೇಲಿ ಮೀನು ಹುರೀತಿರಬೇಕು," ಎಂದಳು ಓಬವ್ವ, ಹೀಟರಿನ ಮುಂದಿನಿಂದ ಕದಲದೆ.

ಗಂಡನಿಗೆ ಹೇಳಿದಳು. ಅವನು ಬಂದು, ಬೋರ್ಡಿನ ಮೇಲೆ ಅಂಗೈಯಿಟ್ಟು, ಡಾಕ್ಟರು ಜ್ವರ ನೋಡುವ ಹಾಗೆ ತಲೆಯಾಡಿಸಿದ. "ಕರೆಂಟು ಹರಿಯೋ ಜಾಗ ಬಿಸಿ ಆಗಾಂಗಿಲ್ಲೇನು? ಮಷೀನು ಬಿಸಿ ಆಗಲ್ಲೇನು?" ಎಂದು ಹೋದ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ಒಳಗಿರುವವಳು ಹಡೆದು ಮಲಗಿದ ಮಗಳು, ಪಕ್ಕದಲ್ಲಿ ಇನ್ನೂ ಕಣ್ಣು ಬಿಡಲು ಕಲಿಯುತ್ತಿರುವ ಕೂಸು. ತಾನು ಗಂಡನ ಜೊತೆ ಜಗಳಕ್ಕೆ ಇದನ್ನು ಹೇಳುತ್ತಿಲ್ಲ, ಆ ಎರಡು ಜೀವಕ್ಕೆ ಹೇಳುತ್ತಿದ್ದೇನೆ ಎಂಬುದು ಇವರಿಗೆ ಏಕೆ ಹೊಳೆಯುವುದಿಲ್ಲವೋ ಎಂದುಕೊಂಡಳು.

ತಾನೇ ಎಲೆಕ್ಟ್ರಿಷಿಯನ್ ಕರೆಯುತ್ತೇನೆಂದು ಓಣಿಯ ಕೊನೆಯ ಪರಶುರಾಮನ ಮನೆಗೆ ಹೋದಳು. ಅವನು ಕಪ್ಪು ಲುಂಗಿ ಉಟ್ಟು, ಕೊರಳಿಗೆ ಅಯ್ಯಪ್ಪನ ಮಾಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮಾಲೆ ಹಾಕಿದವರು ಹೆರಿಗೆಯಾದ ಮನೆಗೆ ಕಾಲಿಡುವುದಿಲ್ಲ.

"ಉಚ್ಚಂಗಕ್ಕ, ನಿಮ್ಮನೇಲಿ ಪುರುಡು. ನಾನು ಹೊಸ್ತಿಲು ದಾಟಂಗಿಲ್ಲ," ಎಂದ.

"ಪುರುಡು ಕಳದ ಮೇಲೆ ಬರ್ತೀರೇನು?"

"ಅಷ್ಟೊತ್ತಿಗೆ ನಾನು ಬೆಟ್ಟಕ್ಕೆ ಹೊಂಟಿರ್ತೀನಿ. ಬಂದು ಮಾಲೆ ತೆಗೆದ ತಕ್ಷಣ ಮೊದಲು ನಿಮ್ಮನೆ ಕೆಲಸಾನೇ."

"ಅಲ್ಲೀಗಂಟ ನಾನೇನು ಮಾಡ್ಲಿ ಪರಶುರಾಮಣ್ಣ?"

ಅವನು ಕೊರಳಿನ ಮಾಲೆ ಸರಿಮಾಡಿಕೊಂಡ. "ಹೀಟರು, ಕಾಯಿಲ್ಲು ಎರಡೂ ಒಟ್ಟಿಗೆ ಹಾಕಬ್ಯಾಡ್ರಿ. ಉಳಿದದ್ದು ಸ್ವಾಮಿ ನೋಡ್ಕಂತಾನೆ," ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಿಂತ ಕೆಳಗಿನ ಭಕ್ತನೇ ಕೊಡಲಿಲ್ಲ. ಬೇರೆ ಇಬ್ಬರಿಗೆ ಫೋನು ಮಾಡಿಸಿದಳು. ಒಬ್ಬ ಬೋರ್‌ವೆಲ್ ಮೋಟರಿನ ಕೆಲಸದಲ್ಲಿದ್ದ. ಇನ್ನೊಬ್ಬ "ಒಂದು ಪ್ಲಗ್ಗಿಗೆ ಯಾರು ಬರ್ತಾರಮ್ಮ" ಎಂದು ನಕ್ಕ.

ಸರಿ, ಆ ಒಂದು ಮಾತನ್ನಾದರೂ ಹಿಡಿಯೋಣ ಎಂದುಕೊಂಡ ಉಚ್ಚಂಗೆಮ್ಮ ಕಾಯಿಲ್ಲನ್ನು ಎತ್ತಿ ಅಟ್ಟದ ಮೇಲೆ ಒಗೆದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತೊಗರಿಕಟ್ಟಿಗೆ ಒಟ್ಟಿ, ದಿನಾ ಹಂಡೆ ನೀರು ಕಾಸಿ, ಕೊಡಪಾನದಲ್ಲಿ ಬಚ್ಚಲಿಗೆ ಹೊತ್ತಳು. ಬೆನ್ನು ಮುರಿಯುತ್ತಿತ್ತು. "ಕರೆಂಟು ಇಟ್ಕಂಡು ಕತ್ತೆ ಚಾಕರಿ ಯಾಕೆ ಮಾಡ್ತಾಳೋ," ಎಂದು ಓಬವ್ವ ಒಳಗಿನಿಂದ ಅನ್ನುತ್ತಿದ್ದಳು. ಕಲ್ಲೇಶಪ್ಪ ಬರೀ ನಗುತ್ತಿದ್ದ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆದರೆ ಒಣಮೀನಿನ ವಾಸನೆ ಕಡಿಮೆಯಾಗಿತ್ತು, ಬೋರ್ಡಿನ ಬಿಸಿಯೂ ತಗ್ಗಿತ್ತು. ಅಷ್ಟು ಸಾಕೆಂದು ಅವಳು ಹೊತ್ತಳು.

ಪುರುಡು ಕಳೆದ ಮೇಲೆ ನ್ಯಾಮತಿಯಿಂದ ಬೀಗರು ಮಗು ನೋಡಲು ಬಂದರು. ಗಂಡಸರು ಹೆಂಗಸರು ಸೇರಿ ಒಂದು ಗಾಡಿ ತುಂಬ. ಹೋಳಿಗೆ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದಾಗ ಉಚ್ಚಂಗೆಮ್ಮನಿಗೆ ಒಳ್ಳೆಯ ಸಮಯ ಅನ್ನಿಸಿತು. ಅಳಿಯನ ಮುಂದೆ ಹೇಳಿದರೆ ಗಂಡ ಒಪ್ಪಿಯಾನು.

"ರಮೇಶಪ್ಪ, ನೀನಾದ್ರೂ ಆ ಬೋರ್ಡು ಒಂದ್ಸಲ ನೋಡು. ದಿನಾ ವಾಸನೆ ಬರ್ತಿತ್ತು," ಎಂದಳು.

ರಮೇಶ ಬಾಯಿ ತೆರೆಯುವಷ್ಟರಲ್ಲಿ ಕಲ್ಲೇಶಪ್ಪ ಎಲೆಯ ತೊಟ್ಟು ಮುರಿಯುತ್ತಾ, "ನಮ್ಮಾಕೆ ಮೂಗು ಪೊಲೀಸ್ ನಾಯಿಗಿಂತ ಒಂದು ಕೈ ಮೇಲು ಬೀಗರೆ. ಇಲಾಖೆಯೋರು ಕೇಳಿದ್ರೆ ಕಳಿಸಿಕೊಡಾನ ಅಂತೀನಿ, ಅವರು ಇನ್ನೂ ಕೇಳಿಲ್ಲ," ಎಂದ.

ಇಡೀ ನಡುಮನೆ ನಕ್ಕಿತು. ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಳಿಯನೂ ನಕ್ಕ, ಪಾಪ, ಮಾವನ ಮಾತಿಗೆ ನಗದೆ ಏನು ಮಾಡಿಯಾನು. ಉಚ್ಚಂಗೆಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಲ್ಲ, ಅವಮಾನ. ಗಂಡ ಮನೆಯಲ್ಲಿ ಏನಾದರೂ ಅನ್ನಲಿ, ಬೀಗರ ಮುಂದೆ ತನ್ನನ್ನು ನಾಯಿ ಮಾಡಿದ.

ಅವತ್ತಿನಿಂದ ಗಂಡನೊಡನೆ ಮಾತು ಬಿಟ್ಟಳು. ಮಾತು ಬಿಟ್ಟ ಮನೆಯ ಸಂಸಾರ ಹೇಗೆ ನಡೆಯುತ್ತದೆಂದು ಗೊತ್ತಿರುವವರಿಗೆ ಗೊತ್ತು. ನಡುಮನೆಯಲ್ಲಿ ಒಂದು ಮರದ ಕಂಬವಿತ್ತು, ಅವಳು ಹೇಳುವುದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. "ಉಣ್ಣೋರು ಉಣ್ಣಬೇಕಂತೆ, ಸಾರು ಆರ್ತೈತೆ," ಎಂದರೆ ಕಲ್ಲೇಶಪ್ಪ ಬಂದು ಕೂರುತ್ತಿದ್ದ. ಅವನೂ ಕಂಬಕ್ಕೇ ಉತ್ತರ ಕೊಡುತ್ತಿದ್ದ. "ಉಪ್ಪು ಕಡಿಮೆ ಆಗೈತಂತೆ," ಎನ್ನುತ್ತಿದ್ದ. ಓಬವ್ವ ಇದನ್ನೆಲ್ಲ ನೋಡಿ ಕಿಸಕ್ಕೆನ್ನುತ್ತಿದ್ದಳು. ಹೊರಗಿನವರಿಗೆ ಇದು ತಮಾಷೆ.

ಮಾತು ಬಿಟ್ಟದ್ದರ ಜೊತೆಗೆ ಉಚ್ಚಂಗೆಮ್ಮ ಇನ್ನೊಂದನ್ನೂ ಬಿಟ್ಟಳು. ಹಿತ್ತಲಿನ ಒಲೆ ಹೊತ್ತಿಸುವುದನ್ನು ನಿಲ್ಲಿಸಿದಳು. ನಾಯಿ ಏಕೆ ನೀರು ಹೊರಬೇಕು, ಬೇಕಾದವರು ಕಾಸಿಕೊಳ್ಳಲಿ ಎಂದುಕೊಂಡಳು. ಓಬವ್ವ ಮಗನನ್ನು ಕರೆದಳು, ಕಲ್ಲೇಶಪ್ಪ ಅಟ್ಟದ ಮೇಲಿಂದ ಕಾಯಿಲ್ಲು ಇಳಿಸಿದ, ಹೊಸ ಬೆಂಕಿಕಡ್ಡಿ ಮುರಿದ. ಅವಳು ಅಡಿಗೆಮನೆಯಿಂದ ನೋಡಿದಳು. ಬೇಡ ಎಂಬ ಮಾತು ಬಾಯಿಗೆ ಬಂತು, ಆದರೆ ಯಾರಿಗೆ ಹೇಳುವುದು, ಕಂಬಕ್ಕೆ? ಒಲೆಯ ಕಡೆ ತಿರುಗಿದಳು.

ಆಮೇಲೊಂದು ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಬಂದಾಗ ಹೊತ್ತು ಏರಿತ್ತು, ಎಲ್ಲದಕ್ಕೂ ಒಟ್ಟಿಗೇ ಅವಸರವಾಯಿತು. ಓಬವ್ವ ನೀರಿಗೆ ಕಾಯಿಲ್ಲು ಹಾಕಿಸಿದಳು, ಕೋಣೆ ತಣ್ಣಗಾಗಿದೆಯೆಂದು ಹೀಟರನ್ನೂ ಹಾಕಿಸಿದಳು. ಮೊದಲ ಹಂಡೆಯಲ್ಲಿ ಬಾಣಂತಿಗೆ ಎಣ್ಣೆನೀರು ಹಾಕಿ ಬಂದು, ಬೆವರು ಬಿಡಲೆಂದು ಕಂಬಳಿ, ಅದರ ಮೇಲೆ ಕೌದಿ ಸುತ್ತಿ, ನಡುವಿಗೆ ಬಟ್ಟೆ ಬಿಗಿದು ಮಲಗಿಸಿದಳು. ಹಾಗೆ ಸುತ್ತಿದ ಮೇಲೆ ಬಾಣಂತಿ ತಾನಾಗಿ ಏಳಲಾರಳು. ಪಕ್ಕದಲ್ಲಿ ಮಗು. ತನ್ನ ಸ್ನಾನಕ್ಕೂ ಇರಲೆಂದು ಮುದುಕಿ ಎರಡನೇ ಹಂಡೆಗೆ ಕಾಯಿಲ್ಲು ಬಿಟ್ಟಳು. ಲೋಬಾನ ಹಾಕಬೇಡವೆಂದು ನರ್ಸು ಹೇಳಿದ್ದರೂ ಕೆಂಡದ ಮೇಲೆ ಒಂದು ಚಿಟಿಕೆ ಹಾಕಿ, ಬಾಗಿಲೆಳೆದು, ಹೀಟರಿನ ಮುಂದೆ ಒರಗಿ ತೂಕಡಿಸತೊಡಗಿದಳು.

ಉಚ್ಚಂಗೆಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಲ್ಲೇಶಪ್ಪ ಪಡಸಾಲೆಯಲ್ಲಿ ಮಷೀನಿನ ಬೆಲ್ಟು ಹರಡಿಕೊಂಡು ಕೂತಿದ್ದ. ಹೆಂಚಿನ ಮೇಲಿನ ರೊಟ್ಟಿಯ ವಾಸನೆಯನ್ನೂ ದಾಟಿ ಆ ಒಣಮೀನಿನ ವಾಸನೆ ಬಂತು. ಈ ಸಲ ಘಾಟು.

"ಒಳಗೆ ಏನೋ ಸುಡಾಕೆ ಹತ್ತೈತಂತೆ. ನೋಡೋರು ನೋಡಬೇಕು," ಎಂದಳು, ಕಂಬದ ಕಡೆ ಮುಖ ಮಾಡಿ.

ಪಡಸಾಲೆಯಿಂದ ಉತ್ತರ ಬಂತು. "ಕಂಬಕ್ಕೆ ಮೂಗಿಲ್ಲ. ಲೋಬಾನ ಹಾಕ್ಯಾರಂತೆ."

ಅವಳು ಏಳಬೇಕಾಗಿತ್ತು. ಅಡಿಗೆಮನೆಯಿಂದ ಒಳಕೋಣೆ ಎಷ್ಟು ದೂರ, ಅಂಗಳ ದಾಟುವಷ್ಟೂ ಇಲ್ಲ. ಲೋಬಾನ ಯಾವುದು, ಸುಡುವ ಬೋರ್ಡು ಯಾವುದು ಎಂದು ಆ ಮೂಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಎದೆಯೊಳಗೆ ಅಷ್ಟು ವರ್ಷದ್ದೂ ಒಟ್ಟಿಗೆ ಉರಿದು ಬಂತು. ಸುಡಲಿ, ಎಂದುಕೊಂಡಳು. ಒಂದು ಸಲ ಆ ಬೋರ್ಡು ಸುಟ್ಟು ಕರಿ ಹಿಡಿಯಲಿ, ಆಗ ಇವರಿಗೆ ಗೊತ್ತಾಗುತ್ತದೆ. ಬೋರ್ಡು ಅಷ್ಟೇ, ಜಾಸ್ತಿಯಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು ರೊಟ್ಟಿ ಬಡಿದಳು. ಹೆಂಚಿಗೆ ಹಾಕಿದಳು. ನೀರು ಸವರಿದಳು. ಮಗುಚಿದಳು.

ಟಪ್ಪೆಂದು ಸದ್ದಾಯಿತು. ಆಮೇಲೆ ದುರ್ಗಾಂಬಿಕಾ ಒಂದೇ ಸಲ ಕೂಗಿದಳು, "ಅವ್ವಾ."

ಬಾಗಿಲು ತಳ್ಳಿದರೆ ಕೋಣೆಯೊಳಗೆ ಕಪ್ಪು ಹೊಗೆ. ಗೋಡೆಯ ಬೋರ್ಡು ಉರಿಯುತ್ತಿತ್ತು, ಅದರ ಮೇಲೇ ಇದ್ದ ಕಿಟಕಿಯ ಸೀರೆಗೆ ಉರಿ ಹತ್ತಿತ್ತು, ನೆಲದ ಮೇಲಿನ ಬಾಕ್ಸು ಕರಗಿ ಕೌದಿಯ ಅಂಚು ಹೊತ್ತಿಕೊಂಡಿತ್ತು. ಮಗಳು ಸುತ್ತಿದ ಕಂಬಳಿಯೊಳಗಿಂದ ಒಂದು ಕೈ ಬಿಡಿಸಿಕೊಂಡು, ಬರಿಗೈಯಲ್ಲಿ ಆ ಉರಿಯನ್ನು ಮಗುವಿನಿಂದ ಆಚೆ ತಳ್ಳುತ್ತಿದ್ದಳು. ಓಬವ್ವ ಏಳಲು ಹೋಗಿ ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಉಚ್ಚಂಗೆಮ್ಮ ಮಗುವನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ತಿರುಗಿದರೆ ಬಾಗಿಲಲ್ಲಿ ಕಲ್ಲೇಶಪ್ಪ, ಕೈಯಲ್ಲಿ ತುಂಬಿದ ಕೊಡಪಾನ.

"ನೀರು ಹಾಕಬ್ಯಾಡ್ರಿ, ಕರೆಂಟು ಐತೆ. ಮೇನ್ ತೆಗೀರಿ ಮೊದಲು," ಎಂದಳು. ಬೀಗರು ಹೋದ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು. ಅವನು ಕೊಡಪಾನ ಅಲ್ಲೇ ಬಿಟ್ಟು ಓಡಿದ.

ಮೇನ್ ಸ್ವಿಚ್ಚು ತುಕ್ಕು ಹಿಡಿದು ಇಳಿಯಲಿಲ್ಲ. ಫ್ಯೂಸನ್ನೇ ಕಿತ್ತು ತೆಗೆಯಬೇಕಾಯಿತು. ಅಲ್ಲಿಯವರೆಗೂ ಸುಡಬೇಕಾದ ಫ್ಯೂಸು ಗಟ್ಟಿಯಾಗಿ ಕೂತಿತ್ತು, ಸುಡಬಾರದ ಮನೆ ಸುಡುತ್ತಿತ್ತು. ಅಷ್ಟರಲ್ಲಿ ಉಚ್ಚಂಗೆಮ್ಮ ಮಗುವನ್ನು ನಡುಮನೆಯ ನೆಲದ ಮೇಲಿಟ್ಟು ಬಂದು, ಮಗಳನ್ನು ಸುತ್ತಿದ ಕಂಬಳಿ ಸಮೇತ ಚೀಲ ಎಳೆದಂತೆ ಹೊರಗೆಳೆದಳು. ಗದ್ದಲ ಕೇಳಿ ಗೋಡೆ ಹಾರಿ ಬಂದ ಜಂಪಣ್ಣ ಓಬವ್ವನನ್ನು ಎತ್ತಿಕೊಂಡ. ಕರೆಂಟು ಹೋದ ಮೇಲೆ ಹಸಿ ಗೋಣಿ ಹಾಕಿ, ಮಣ್ಣು ಎರಚಿ, ನೀರು ಸುರಿದು ಆರಿಸಿದರು. ಮನೆ ಉಳಿಯಿತು. ಒಳಕೋಣೆ ಒಂದು ಮಸಿ ಹಿಡಿದ ಮಡಕೆಯಾಯಿತು.

ಮಗುವಿಗೆ ಏನೂ ಆಗಿರಲಿಲ್ಲ. ಮಗಳ ಅಂಗೈ, ಮುಂಗೈ ಸುಟ್ಟು ಬೊಬ್ಬೆಗಳೆದ್ದಿದ್ದವು. ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಕಟ್ಟು ಕಟ್ಟಿದರು. ದೇವರು ದೊಡ್ಡವನು ಎಂದರು ಬಂದವರೆಲ್ಲ. ಉಚ್ಚಂಗೆಮ್ಮ ಮಗುವನ್ನು ತೊಡೆಯಿಂದ ಇಳಿಸಲಿಲ್ಲ.

ಮನೆಗೆ ಬಂದರೆ ಅಲ್ಲಿ ಆಗಲೇ ಎಲ್ಲರೂ ತಮ್ಮ ತಮ್ಮ ಕಥೆ ಕಟ್ಟಿಕೊಂಡಿದ್ದರು. ಓಬವ್ವ ಮೆಣಸಿನಕಾಯಿ, ಉಪ್ಪು ನಿವಾಳಿಸುತ್ತಿದ್ದಳು. "ನ್ಯಾಮತಿಯೋರು ಬಂದು ಹೋದ್ಮೇಲೆ ಆದದ್ದು ಇದು. ಯಾರದೋ ಕಣ್ಣು," ಎನ್ನುತ್ತಿದ್ದಳು. ಕಲ್ಲೇಶಪ್ಪ ಪಡಸಾಲೆಯಲ್ಲಿ ಓಣಿಯವರಿಗೆ ಫ್ಯೂಸು ಕಿತ್ತದ್ದನ್ನು ಕೈ ಮಾಡಿ ತೋರಿಸುತ್ತಿದ್ದ. "ಇನ್ನೊಂದು ಚೂರು ತಡ ಮಾಡಿದ್ರೆ ಹೋಗಿತ್ತು. ವೋಲ್ಟೇಜ್ ಜಾಸ್ತಿ ಬಿಟ್ಟಾರೆ, ಏನು ಮಾಡಾಕಾಗ್ತೈತೆ," ಎಂದ. ಬೋರ್ಡಿನ ಮಾತಿಲ್ಲ, ತಂತಿಯ ಮಾತಿಲ್ಲ. ನೀನು ಹೇಳಿದ್ದು ಖರೆ ಎಂಬ ಮಾತಂತೂ ಇಲ್ಲವೇ ಇಲ್ಲ.

ಸಂಜೆಯ ಹೊತ್ತಿಗೆ ಅವನು ಮಾಡಿದ ಕೆಲಸ ನೋಡಿ ಅವಳು ನಿಂತಲ್ಲೇ ನಿಂತಳು. ಮನೆಗೆ ಕರೆಂಟಿಲ್ಲ, ಮಗುವಿಗೆ ಚಳಿ ಎಂದು ಜಂಪಣ್ಣನ ಮನೆಯಿಂದ ಕಿಟಕಿಯ ಮೂಲಕ ಒಂದು ಸಣ್ಣ ವೈರು ಎಳೆತಂದಿದ್ದ. ತುದಿಗೆ ಜಂಪಣ್ಣನದೇ ಎಕ್ಸ್‌ಟೆನ್ಶನ್ ಬಾಕ್ಸು. ನಡುಮನೆಯಲ್ಲಿ ಬಾಣಂತಿಯ ಹಾಸಿಗೆಯ ಪಕ್ಕ ಕೂತು, ಮಸಿ ಒರೆಸಿದ ಅದೇ ಹೀಟರು ಕೆಲಸ ಮಾಡುತ್ತದೋ ಎಂದು ನೋಡುತ್ತಿದ್ದ. ಕೆಟ್ಟ ಮನುಷ್ಯನಲ್ಲ ಅವನು. ಮೊಮ್ಮಗಳಿಗೆ ಚಳಿಯಾಗಬಾರದೆಂದೇ ಮಾಡುತ್ತಿದ್ದ. ಅದಕ್ಕೇ ಅವನನ್ನು ಬೈದೂ ಪ್ರಯೋಜನವಿಲ್ಲ ಎಂದು ಅವಳಿಗೆ ಅವತ್ತು ಅರ್ಥವಾಯಿತು. ವೈರನ್ನು ಕಿಟಕಿಯಾಚೆ ತಳ್ಳಿ, ರಮೇಶನಿಗೆ ಫೋನು ಮಾಡಿದಳು. ಬೆಳಗ್ಗೆ ಕಾರು ತಗೊಂಡು ಬಾ, ಮಗಳು ಮೊಮ್ಮಗಳನ್ನ ಕರ್ಕಂಡು ನಾನೂ ಬರ್ತೀನಿ, ಎಂದಳು.

ಓಬವ್ವ ಎದೆ ಬಡಿದುಕೊಂಡಳು. "ಹಸಿ ಬಾಣಂತೀನ ಬೀಗರ ಮನೆಗೆ ಕಳಿಸ್ತಾರೇನೇ? ತವರು ಸತ್ತೈತೇನು? ಊರು ಏನಂತೈತೆ?"

"ಸತ್ತಿಲ್ಲ ಅತ್ತೆ. ಸಾಯ್ತಿತ್ತು," ಎಂದಳು ಉಚ್ಚಂಗೆಮ್ಮ, ಬಟ್ಟೆ ಗಂಟು ಕಟ್ಟುತ್ತಾ. "ಗೋಡೆ ಒಡೆದು, ಹಳೇ ವೈರು ಕಿತ್ತು, ಹೊಸದು ಹಾಕಿಸಿ ಅಂತ ಹೇಳ್ರಿ ನಿಮ್ಮ ಮಗನಿಗೆ. ಗೊತ್ತಿರೋರ ಕೈಲಿ. ಅಲ್ಲೀಗಂಟ ಈ ಕೂಸು ಈ ಮನೆಯಾಗೆ ಮಲಗಲ್ಲ."

ಕಲ್ಲೇಶಪ್ಪ ಮಗಳ ಕೈಯ ಬಿಳಿ ಕಟ್ಟು ನೋಡಿ, ಹೀಟರನ್ನು ಎತ್ತಿ ಪಡಸಾಲೆಗೆ ಒಯ್ದಿಟ್ಟ.

ಮಾರನೇ ದಿನ ದಾವಣಗೆರೆ ದಾಟಿ ಹೊನ್ನಾಳಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ರಮೇಶ ಕಾರು ನಿಲ್ಲಿಸಿ ಚಹಾ ತರಲು ಇಳಿದ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಇಬ್ಬರೇ, ನಡುವೆ ನಿದ್ದೆ ಹೋದ ಮಗು.

"ಅವ್ವ, ನೀನು ಇಲ್ದಿದ್ರೆ ನಾವಿಬ್ರೂ ಹೋಗಿಬಿಡ್ತಿದ್ವಿ," ಎಂದಳು ದುರ್ಗಾಂಬಿಕಾ.

ಈ ಒಂದು ಮಾತನ್ನು ಕೇಳಲು ಅವಳು ಆಯುಷ್ಯವಿಡೀ ಕಾದಿದ್ದಳು. ಈಗ ಅದು ತನಗೆ ಸಲ್ಲದ ಮಾತಾಗಿತ್ತು. ಸುಮ್ಮನಿರಲು ನೋಡಿದಳು, ಆಗಲಿಲ್ಲ.

"ನಂಗೆ ಮೊದಲೇ ವಾಸನೆ ಬಂದಿತ್ತು ದುರ್ಗಿ. ಖರೆ ವಾಸನೆ. ಎದ್ದು ಬರಲಿಲ್ಲ. ಸುಡ್ಲಿ, ಆಗ ಇವ್ರಿಗೆ ಗೊತ್ತಾಗ್ತೈತೆ ಅಂತ ಒಲೆ ಮುಂದೆ ಕುಂತಿದ್ದೆ. ನೀನು ಒಳಗಿದ್ದಿ, ಕೂಸು ಒಳಗಿತ್ತು. ನಾನು ರೊಟ್ಟಿ ಬಡಿತಾ ಕುಂತಿದ್ದೆ."

ದುರ್ಗಾಂಬಿಕಾ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಿದಳು. ಮಗುವನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು. ಉಚ್ಚಂಗೆಮ್ಮ ಅದನ್ನು ನೋಡಿದಳು. ಎಳೆದುಕೊಳ್ಳಲಿ, ಎಳೆದುಕೊಳ್ಳಬೇಕಾದ್ದೇ ಎಂದುಕೊಂಡಳು.

"ಅಪ್ಪಂಗೆ ಹೇಳೀಯೇನು?" ಎಂದು ಮಗಳು ಕೇಳಿದಳು.

"ಇಲ್ಲ. ಹೇಳಬೇಕು."

"ಯಾರಿಗೂ ಹೇಳಬ್ಯಾಡ. ಹೇಳಿದ್ರೆ ಆ ಬೋರ್ಡು, ಆ ವೈರು, ಆ ಫ್ಯೂಸು ಎಲ್ಲಾ ಮರೆತುಬಿಡ್ತಾರೆ. ಉಚ್ಚಂಗಿ ಗೊತ್ತಿದ್ದೂ ಕುಂತಿದ್ಲು ಅನ್ನೋದೊಂದೇ ಉಳೀತೈತೆ. ನಾಳೆ ಬೆಂಕಿ ಹಚ್ಚಿದೋಳೂ ನೀನೇ ಆಗ್ತೀಯ."

ರಮೇಶ ಎರಡು ಲೋಟ ಚಹಾ ಹಿಡಿದು ಬಂದು, ಕಿಟಕಿಯೊಳಗೆ ಕೈ ಚಾಚಿ, "ತಗೊಳ್ರಿ ಅತ್ತೆ, ಬಿಸಿ ಐತೆ," ಎಂದ. ಉಚ್ಚಂಗೆಮ್ಮ ಲೋಟ ತೆಗೆದುಕೊಂಡಳು. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬೆಂಕಿ ಹತ್ತಿದಾಗ ಬಾರದ ಅಳು ಅವಳಿಗೆ ಆಗ ಬಂತು.